ಒಬ್ಬ ರೋಗಿಗೆ ಎಷ್ಟು ಕೈಗಳು?



ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಅವರನ್ನು ನೋಡಿಕೊಳ್ಳಲು ಎಷ್ಟು ಜನ ಬೇಕು? ಇದೇನು, ಗುರುಗಳು ಲೆಕ್ಕದ ಮಾತಾಡುತ್ತಿದ್ದಾರೆ ಎನ್ನಬೇಡಿ. ಇದು ನ್ಯಾಯದ ಮಾತು.

ಸೈದಾಪುರದ ಕಡೆಯ ಒಂದು ಮನೆಗೆ ಪರಮಪ್ರಸಾದ ಕೊಂಡೊಯ್ಯುತ್ತಿದ್ದೆ. ಯಜಮಾನರಿಗೆ ಲಕ್ವಾ ಹೊಡೆದು ಎಡಭಾಗ ಸ್ವಾಧೀನ ತಪ್ಪಿತ್ತು. ಗಂಡುಮಕ್ಕಳಿಬ್ಬರೂ ಸೈದಾಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರು. ಮನೆಯಲ್ಲಿ ಹಿರಿಸೊಸೆ ಒಬ್ಬಳೇ. "ನಿನ್ನ ತ್ಯಾಗ ದೊಡ್ಡದಮ್ಮ" ಎಂದು ಪ್ರತಿ ಸಲವೂ ಹೊಗಳಿ ಬರುತ್ತಿದ್ದೆ. ಒಂದು ದಿನ ಆಕೆ, "ಫಾದರ್, ಹೊಗಳಿಕಿ ಬ್ಯಾಡ್ರಿ. ಮಾವಾರಿಗಿ ಹೊಳ್ಳಿಸ್ಲಾಕ ಇನ್ನೊಬ್ರು ಬೇಕ್ರಿ" ಎಂದಳು. ನನಗೆ ನಾಚಿಕೆಯಾಯಿತು.

ತಾವಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣು ಏಳುತ್ತದೆ. ದಿನಕ್ಕೆ 12 ಸಲ, ರಾತ್ರಿಯೂ ಬಿಡುವಿಲ್ಲ. ವಾರಕ್ಕೆ 168 ಗಂಟೆ. ಕಾರ್ಖಾನೆಯ ಕೆಲಸಗಾರನಿಗೆ ವಾರಕ್ಕೆ 48 ಗಂಟೆ ಸಾಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲೇ ಗೊತ್ತುಪಡಿಸಿತು. ಆ ಅಳತೆಯಲ್ಲಿ ಭಾಗಿಸಿದರೆ ಮೂರೂವರೆ ಜನ ಬೇಕು. ಎಲ್ಲರಿಗೂ ಇಷ್ಟು ಬೇಕಿಲ್ಲ. ಕೆಲವರಿಗೆ ಸ್ನಾನದ ಹೊತ್ತಿಗೆ ಒಬ್ಬರು ಬಂದರೆ ಸಾಕು. ಆದರೆ ಹಗಲೂ ರಾತ್ರಿ ಒಬ್ಬಳೇ ಎಂಬುದು ಯಾವ ಲೆಕ್ಕಕ್ಕೂ ಕೂಡದು. ಕಪೆರ್ನವುಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಬಳಿಗೆ ಹೊತ್ತು ತಂದವರು ನಾಲ್ವರೆಂದು ಮಾರ್ಕ ಎಣಿಸಿಯೇ ಬರೆದಿದ್ದಾನೆ. ಮೋಶೆಯ ಕೈ ಸೋತಾಗ ಹಿಡಿದವರು ಇಬ್ಬರು, ಆರೋನ ಮತ್ತು ಹೂರ.

"ಪ್ರೀತಿಗೆ ಲೆಕ್ಕವೇ ಫಾದರ್?" ಎಂದು ಹಿರಿಮಗ ಫೋನಿನಲ್ಲಿ ಕೇಳಿದ. ಹೀಗೆ ಕೇಳುವವರು ಸಾಮಾನ್ಯವಾಗಿ ದೂರದೂರಿನಲ್ಲೇ ಇರುತ್ತಾರೆ! ಅವರವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವುದೇ ನ್ಯಾಯವೆಂದು ಸೆಮಿನರಿಯಲ್ಲಿ ಸಂತ ತೋಮಸ್ ಅಕ್ವಿನಾಸರಿಂದ ಕಲಿತಿದ್ದೆವು. ಸೊಸೆ ಪ್ರೀತಿಯಿಂದ ಹೆಚ್ಚು ಕೊಟ್ಟಳೆಂದು ಮಕ್ಕಳ ಸಾಲ ತೀರುವುದಿಲ್ಲ. ತಂದೆತಾಯಿಯರ ಪೋಷಣೆಗಾಗಿ 2007ರಲ್ಲಿ ಬಂದ ಕೇಂದ್ರದ ಕಾಯಿದೆ 'ಮಕ್ಕಳು' ಎಂದು ಎಣಿಸುವುದು ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳನ್ನು. ಅಲ್ಲಿ ಸೊಸೆಯ ಹೆಸರಿಲ್ಲ. ನಮ್ಮ ಮನೆಗಳಲ್ಲಿ ಇರುವುದು ಅವಳ ಹೆಸರೊಂದೇ.

ಇಷ್ಟೆಲ್ಲ ಎಣಿಸಿದ ನಾವು ಯಜಮಾನರನ್ನೇ ಕೇಳಿರಲಿಲ್ಲ. ಕೇಳಿದಾಗ ತೊದಲುತ್ತಲೇ ಹೇಳಿದರು. ಸೊಸೆ ರಾತ್ರಿ ಏಳಬಾರದೆಂದು ಅವರು ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮೈ ತೊಳೆಯಲು ಮಾತ್ರ ಮಗ ಬೇಕು ಎಂದು ಅತ್ತರು. ಕೈಗಳು ಕಡಿಮೆಯಾದಾಗ ಅದರ ಬೆಲೆಯನ್ನು ರೋಗಿಯೂ ಸದ್ದಿಲ್ಲದೆ ತೆರುತ್ತಿರುತ್ತಾನೆ ಎಂಬುದು ನನಗೆ ಆವರೆಗೆ ಹೊಳೆದಿರಲಿಲ್ಲ.

ಈಗ ಗಂಡುಮಕ್ಕಳು ಮೂರು ಮೂರು ತಿಂಗಳು ಸರದಿಯಂತೆ ಊರಿಗೆ ಬರುತ್ತಾರೆ. ಬಂದವನ ಕೂಲಿಯ ಅರ್ಧವನ್ನು ಇನ್ನೊಬ್ಬ ತುಂಬಿಕೊಡುತ್ತಾನೆ. ಮಗಳು ತೊಗರಿ ರಾಶಿ ಮುಗಿಸಿ ಬರುತ್ತೇನೆಂದಿದ್ದಾಳೆ. "ನಾಲ್ಕನೇದವರು ಯಾರ್ರಿ?" ಎಂದು ಸೊಸೆ ನನ್ನ ಮುಖ ನೋಡಿದಳು. ಶುಕ್ರವಾರ ಮಧ್ಯಾಹ್ನ ನಾನು ಬಂದು ಕೂರುತ್ತೇನೆ ಎಂದೆ. ಮೊದಲ ಸಲ ಹೊಳ್ಳಿಸುವಾಗ ನಾನು ಹಿಡಿದದ್ದೇ ತಪ್ಪಾಗಿತ್ತು. ಹೆಗಲಿಗೂ ಸೊಂಟಕ್ಕೂ ಒಟ್ಟಿಗೆ ಕೈ ಕೊಡಬೇಕೆಂದು ಆಕೆಯೇ ಕಲಿಸಿದಳು.