ಬಾಗಿಲು ತೆರೆದಿಟ್ಟರೆ ಸಾಕೆ?

ತ್ರಿವೇಣಿಯವರ ‘ಶರಪಂಜರ’ ಓದಿ, ಅಥವಾ ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳದ ಹೆಂಗಸರು ನನ್ನ ವಯಸ್ಸಿನವರಲ್ಲಿ ಕಡಿಮೆ. ಬಾಣಂತನದಲ್ಲಿ ಬುದ್ಧಿ ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಬಂದರೂ ಜನ ಅವಳನ್ನು ಮೊದಲಿನಂತೆ ಕಾಣಲಿಲ್ಲ. ಅವಳಿಗಾಗಿ ಅಳುವಾಗಲೆಲ್ಲ ನನಗೆ ಇನ್ನೊಂದು ಯೋಚನೆ ಬರುತ್ತದೆ. ಕಾವೇರಿ ಉಳ್ಳವರ ಮನೆಯ ಸೊಸೆ; ಅವಳಿಗೆ ಆಸ್ಪತ್ರೆಯಾದರೂ ಸಿಕ್ಕಿತು. ಕೂಲಿಗೆ ಹೋಗುವ ಹೆಣ್ಣಿಗೆ ಇದೇ ಕಾಯಿಲೆ ಬಂದರೆ?

ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವಾಕೆಯ ಮಗಳಿಗೆ ಹಾಗೆಯೇ ಆಯಿತು. ಎಳೆಗೂಸನ್ನು ಎತ್ತಿಕೊಳ್ಳಳು, ರಾತ್ರಿ ನಿದ್ದೆಯಿಲ್ಲ, ಯಾರೋ ಕರೆದಂತಾಗುತ್ತದೆ ಎಂದು ಎದ್ದು ಕೂರುವಳು. ತಾಯಿ ಚೀಟಿ ಕಟ್ಟಿಸಿದಳು, ಹರಕೆ ಹೊತ್ತಳು. ‘ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗು’ ಎಂದಾಗ ಆಕೆ ಹೇಳಿದ್ದು ಇದು: ‘ಬಸ್ಸಿಗೇನೋ ಈಗ ದುಡ್ಡಿಲ್ಲ ಅಕ್ಕೋರೆ. ಆ ದಿನದ ಕೂಲಿ ಯಾರು ಕೊಡ್ತಾರೆ? ಅಲ್ಲಿ ಯಾವ ಬಾಗಿಲಿಗೆ ಹೋಗಿ ಏನಂತ ಹೇಳಲಿ? ಹುಚ್ಚಾಸ್ಪತ್ರೆಗೆ ಹೋಗಿದ್ಲು ಅಂತ ಗೊತ್ತಾದ್ರೆ ಗಂಡನ ಮನೆಯೋರು ಇವಳನ್ನ ಮತ್ತೆ ಕರ್ಕೋತಾರಾ?’

ನಾವು ಓದಿದವರು ಇದನ್ನು ಅಜ್ಞಾನ ಎನ್ನುತ್ತೇವೆ. ನನಗೆ ಹಾಗೆ ತೋರುವುದಿಲ್ಲ. ಗುಡಿಯಾಗಲಿ ದರ್ಗಾ ಆಗಲಿ ಆಕೆಗೆ ಹತ್ತಿರ. ಅಲ್ಲಿ ಆಕೆಯ ಭಾಷೆಯಲ್ಲೇ ಮಾತಾಡುತ್ತಾರೆ, ಮನೆಮಂದಿಯೆಲ್ಲ ಜೊತೆಗೆ ಕೂರಬಹುದು, ಹೋಗಿ ಬಂದರೆ ಮಾನ ಹೋಗುವುದಿಲ್ಲ. ಹಾಗೆಂದು ಅಲ್ಲಿ ನಡೆಯುವುದೆಲ್ಲ ಸರಿಯೆಂದಲ್ಲ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆ ಹುಡುಕಿ ಬಂದವರನ್ನು ಇರಿಸಿಕೊಂಡಿದ್ದ ಒಂದು ಮನೆಗೆ ಬೆಂಕಿ ಬಿದ್ದಾಗ ಸರಪಳಿ ಬಿಚ್ಚಿಕೊಳ್ಳಲಾಗದೆ 28 ಮಂದಿ ಸತ್ತರು. ಆದರೂ ಕೇಳಬೇಕಾದ ಪ್ರಶ್ನೆ ಉಳಿದೇ ಇದೆ. ಕಾಯಿಲೆಯವರು ಆಸ್ಪತ್ರೆಯ ತನಕ ಬರಬೇಕೋ, ಆಸ್ಪತ್ರೆ ಅವರ ತನಕ ಹೋಗಬೇಕೋ?

ಕಾಲು ಮುರಿದವನಿಗೆ ‘ನೀನೇ ನಡೆದು ಬಾ’ ಎಂದು ಯಾರೂ ಹೇಳುವುದಿಲ್ಲ. ಮನಸ್ಸು ಮುರಿದವಳಿಗೆ ಮಾತ್ರ ಹಾಗೆ ಹೇಳುತ್ತೇವೆ. ದಾರಿ ವಿಚಾರಿಸುವ, ಸಾಲಿನಲ್ಲಿ ನಿಲ್ಲುವ, ನನಗೆ ಹೀಗಾಗಿದೆ ಎಂದು ಬಾಯಿಬಿಟ್ಟು ಹೇಳುವ ಶಕ್ತಿಯನ್ನೇ ಈ ಕಾಯಿಲೆ ಮೊದಲು ಕಸಿದುಕೊಳ್ಳುತ್ತದೆ. ನಮ್ಮ ಹೆಣ್ಣುಮಕ್ಕಳಂತೂ ದುಃಖವನ್ನು ದುಃಖ ಎನ್ನುವುದಿಲ್ಲ. ತಲೆ ಭಾರ, ಎದೆ ಹೊಡ್ಕೋತದೆ, ಕೈಕಾಲು ಸೋಲ್ತದೆ ಎನ್ನುತ್ತಾರೆ. ಅದನ್ನು ಬಿಡಿಸಿ ಕೇಳುವ ಕಿವಿ ಹತ್ತಿರದಲ್ಲೇ ಇರಬೇಕು.

ಇದನ್ನು ಅರಿತು ಮಾಡಿದ ಕೆಲಸ ನಮ್ಮ ರಾಜ್ಯದಲ್ಲೇ ಇದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟರು. ಜ್ವರಕ್ಕೆ ಮಾತ್ರೆ ಕೊಡುವ ಕಡೆಯೇ ಇದಕ್ಕೂ ಮಾತ್ರೆ. ಜ್ವರದ ಸಾಲಿನಲ್ಲಿ ನಿಂತವಳನ್ನು ಯಾರು ಹುಚ್ಚಿ ಎಂದಾರು? ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. 2017ರ ಕಾಯ್ದೆ ಮನಸ್ಸಿನ ಚಿಕಿತ್ಸೆಯನ್ನು ಹಕ್ಕೆಂದಿತು, ಸರಪಳಿ ಹಾಕುವುದನ್ನು ನಿಷೇಧಿಸಿತು. 2022ರಿಂದ 14416ಕ್ಕೆ ಹಗಲು ರಾತ್ರಿ ಯಾವಾಗ ಫೋನು ಮಾಡಿದರೂ ಕನ್ನಡದಲ್ಲೇ, ಖರ್ಚಿಲ್ಲದೆ ಮಾತಾಡಬಹುದು.

ಆದರೆ ಫೋನು ಇರುವುದು ಗಂಡನ ಜೇಬಿನಲ್ಲಿ. 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡಂತೆ, ಮನೋರೋಗವಿದ್ದೂ ಚಿಕಿತ್ಸೆ ಸಿಗದವರು ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿ. ಕಾಯ್ದೆಗೂ ಕೇರಿಗೂ ನಡುವೆ ಅಷ್ಟು ದೂರ ಇನ್ನೂ ಉಳಿದಿದೆ.

ನಮ್ಮ ಶಿಕ್ಷಕರ ವೃತ್ತಿಗೆ ಈ ದೂರ ಹೊಸದಲ್ಲ. ‘ಸರ್ಕಾರ ಶಾಲೆ ಕಟ್ಟಿದೆ, ಕಳಿಸದಿದ್ದರೆ ತಪ್ಪು ತಾಯಿ ತಂದೆಯದು’ ಎನ್ನುವ ಕಾಲವೊಂದಿತ್ತು. ಆಮೇಲೆ ಪುಸ್ತಕ ಬಂತು, ಸಮವಸ್ತ್ರ ಬಂತು, ಊಟ ಬಂತು. ಜೂನ್ ತಿಂಗಳಲ್ಲಿ ನಾವೇ ಮನೆಮನೆ ಹತ್ತಿ ಮಕ್ಕಳ ಹೆಸರು ಬರೆದುಕೊಂಡು ಬರುತ್ತೇವೆ. ಶಾಲೆ ನಾಲ್ಕು ಹೆಜ್ಜೆ ಕೇರಿಯ ಕಡೆಗೆ ನಡೆಯಿತು, ಮಕ್ಕಳು ಬಂದರು.

ಆ ಹುಡುಗಿಯ ವಿಷಯದಲ್ಲೂ ನಡೆದದ್ದು ಅದೇ. ನನ್ನ ಉಪದೇಶದಿಂದ ಏನೂ ಆಗಲಿಲ್ಲ. ಅದೇ ಕೇರಿಯ ಆಶಾ ಕಾರ್ಯಕರ್ತೆ, ವರಸೆಯಲ್ಲಿ ಅತ್ತಿಗೆಯಾಗಬೇಕಾದವಳು, ‘ಬಾಣಂತಿ ನಂಜು, ನಡಿ ತೋರಿಸ್ಕೊಂಡು ಬರಾಣ’ ಎಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ನೋಡಿ ಕರೆದೊಯ್ದಳು. ಹೊರಗೆ ಮಗುವನ್ನೂ ತಾನೇ ಎತ್ತಿಕೊಂಡು ಕೂತಳು. ಮಾತ್ರೆ ಕೆಲಸ ಮಾಡಿತು. ಆದರೆ ಮಾತ್ರೆಯ ತನಕ ಅವಳನ್ನು ತಲುಪಿಸಿದ್ದು ಆ ಜೊತೆ.

ಬಾಗಿಲು ತೆರೆದಿಟ್ಟಿದ್ದೇವೆ, ಬರಲಿ ಎನ್ನುವುದು ಅರ್ಧ ಧರ್ಮ. ಎದ್ದು ಹೋಗಿ ಕೈಹಿಡಿದು ಕರೆತರುವುದು ಉಳಿದರ್ಧ. ಡಾಕ್ಟರು ಸರ್ಕಾರ ಕೊಡಬೇಕಾದದ್ದು, ಅದನ್ನು ಕೇಳಿಯೇ ಪಡೆಯೋಣ. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕಕ್ಕೆ ಕೂರಲು ಮಾತ್ರ ಯಾವ ಆದೇಶವೂ ಬೇಕಿಲ್ಲ.