ನಾಲಗೆಯ ಮಾತು, ದೇಹದ ಮಾತು

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಸುಖವನ್ನು ಮೂರು ಬಗೆಯಾಗಿ ವಿಂಗಡಿಸಿ, ಮೊದಲು ಅಮೃತದಂತೆ ತೋರಿ ಕೊನೆಗೆ ವಿಷವಾಗುವುದನ್ನು ರಾಜಸವೆಂದೂ, ಮೊದಲು ವಿಷದಂತಿದ್ದು ಕೊನೆಗೆ ಅಮೃತವಾಗುವುದನ್ನು ಸಾತ್ತ್ವಿಕವೆಂದೂ ತಿಳಿಸಿದ್ದಾನೆ. ಊಟದ ಎಲೆಯ ಮುಂದೆ ಈ ಮಾತಿನ ಅರ್ಥವು ಚೆನ್ನಾಗಿ ತಿಳಿಯುತ್ತದೆ. ಹಯಗ್ರೀವದ ರುಚಿಯನ್ನು ನಾಲಗೆಯು ಆ ಕ್ಷಣದಲ್ಲಿಯೇ ಹೇಳಿಬಿಡುತ್ತದೆ. ಅತಿಸೇವನೆಯ ಫಲವನ್ನು ದೇಹವು ವರ್ಷಗಳ ಮೇಲೆ ಹೇಳುತ್ತದೆ. ಬೇಗ ಬಂದ ಉತ್ತರವನ್ನೇ ನಂಬುವುದು ಮನಸ್ಸಿನ ಸ್ವಭಾವ. ತಡವಾಗಿ ಬರುವ ಉತ್ತರವನ್ನು ಮೊದಲೇ ಕೇಳಿಸಿಕೊಳ್ಳುವ ಬಗೆ ಯಾವುದು? ಅದನ್ನು ಕೇಳಿ ನಡೆಯನ್ನು ತಿದ್ದಿಕೊಂಡರೆ ವ್ರತದ ಶುದ್ಧಿಗೆ ಕುಂದುಂಟೇ?

ನಮ್ಮ ಸಿದ್ಧಾಂತದಲ್ಲಿ ಸುಖದುಃಖಗಳನ್ನು ನೇರವಾಗಿ ಅರಿಯುವುದು ಸಾಕ್ಷಿ. ಆ ಅರಿವು ತಪ್ಪಲಾರದು. ಮನಸ್ಸಿನ ಅರಿವು ತಪ್ಪಬಹುದು. ಹಸಿವೆ ಅಡಗಿತೆಂಬುದು ಸಾಕ್ಷಿಯ ಅನುಭವ. ಇನ್ನೆರಡು ಹೋಳಿಗೆ ಆಗಬಹುದೆಂಬುದು ಮನಸ್ಸಿನ ಮಾತು. ಇವೆರಡನ್ನು ಬೇರ್ಪಡಿಸಿ ಕೇಳುವುದೇ ಆಹಾರನಿಯಮದ ಮೊದಲ ಮೆಟ್ಟಿಲು.

ಆದರೆ ರಕ್ತದಲ್ಲಿನ ಸಕ್ಕರೆಯು ಬಹುಕಾಲ ಯಾವ ನೋವನ್ನೂ ಕೊಡದೆ ಏರಬಲ್ಲುದು. ಅನುಭವಕ್ಕೆ ಬಾರದುದನ್ನು ಅನುಮಾನಪ್ರಮಾಣದಿಂದಲೇ ತಿಳಿಯಬೇಕು. ಪ್ರಯೋಗಶಾಲೆಯ ವರದಿಯು ಅಂತಹ ಒಂದು ಲಿಂಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಎಚ್‌ಬಿಎ1ಸಿ ಎಂಬ ಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳುಗಳ ಸಕ್ಕರೆಯ ಸರಾಸರಿಯನ್ನು ತಿಳಿಸುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳಾಗಿರುವುದೇ ಇದಕ್ಕೆ ಕಾರಣ. ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಇದನ್ನು ವಂಚಿಸಲಾಗದು. ನಮ್ಮ ಚಾತುರ್ಮಾಸ್ಯವೂ ಹೆಚ್ಚುಕಡಿಮೆ ಅಷ್ಟೇ ದಿನಗಳದು. ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ತಿಂಗಳಿಗೊಂದರಂತೆ ಬಿಡುವವನಿಗೆ ನಾಲಗೆಯನ್ನು ಆಳಬಹುದೆಂಬ ಅರಿವು ತಿಂಗಳು ತಿಂಗಳಿಗೂ ದೊರೆಯುತ್ತದೆ.

ಕುಷಾಯಿಗೂಡಕ್ಕೆ ದೂರವಲ್ಲದ ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ 17 ಆಹಾರಸೂತ್ರಗಳು ದಿನಕ್ಕೆ 5 ಗ್ರಾಮ್ ಉಪ್ಪಿನ ಮಿತಿಯನ್ನು ಹೇಳುತ್ತವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿರುವ ನಮ್ಮ ಎಲೆಯಲ್ಲಿ ಆ ಮಿತಿ ಬೇಗನೆ ದಾಟುತ್ತದೆ.

ತಿಳಿದುದನ್ನು ಮನೆಯವರು ಹೇಳುವ ರೀತಿಯೂ ಮುಖ್ಯ. ರೈಲಿನ ಎಂಜಿನಿನಲ್ಲಿ ಚಾಲಕನೂ ಸಹಾಯಕನೂ ಪ್ರತಿಯೊಂದು ಸಿಗ್ನಲಿನ ಬಣ್ಣವನ್ನು ಪರಸ್ಪರ ಗಟ್ಟಿಯಾಗಿ ಹೇಳಿಕೊಳ್ಳಬೇಕೆಂಬ ನಿಯಮವಿದೆ. ಕೆಂಪು ಎಂದು ಹೇಳಿದವನು ನಿಂದಿಸಿದಂತಲ್ಲ. ಕೇಳಿದವನು ಮುನಿಯುವುದೂ ಇಲ್ಲ. ಮನೆಯಲ್ಲಾದರೋ ಸೊಸೆಯೋ ಮಗನೋ ಹೇಳಿದ ಎಚ್ಚರಿಕೆಯು ಹಂಗಿಸಿದಂತೆ ಕೇಳಿಸಿದರೆ, ಹಿರಿಯರು ಅಡಿಗೆಮನೆಯ ಡಬ್ಬಿಯನ್ನು ಗುಟ್ಟಾಗಿ ತೆರೆಯುತ್ತಾರೆ. ಅತಿಥಿಗೆ ಬೇಡವೆಂದರೂ ಬಡಿಸುವ ಉಪಚಾರವೂ ಅವನ ಸಾಕ್ಷಿಯ ಮಾತನ್ನು ಅಡಗಿಸುತ್ತದೆ. ಸಾಕೆಂದ ಕೈಯನ್ನು ಗೌರವಿಸುವುದೂ ಆತಿಥ್ಯವೇ.

ವ್ರತವು ಹರಿಪ್ರೀತಿಗಾಗಿ, ಸಕ್ಕರೆಯ ಅಂಕಿಗಾಗಿ ಅಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಸಂಕಲ್ಪವು ಹರಿಪ್ರೀತಿಗೇ ಇರಲಿ. ಅಂಕಿಯು ವ್ರತದ ಫಲವಲ್ಲ. ವ್ರತವನ್ನು ನಡೆಸುವ ದೇಹದ ಸುದ್ದಿ ಮಾತ್ರ. ಅದು ಏರಿದರೆ ಭಕ್ತಿ ಇಳಿಯಿತೆಂದಲ್ಲ, ಇಳಿದರೆ ಪುಣ್ಯ ಏರಿತೆಂದೂ ಅಲ್ಲ. ಆದರೆ ಏಕಾದಶಿಯಂದು ಉಪವಾಸವಿದ್ದು ದ್ವಾದಶಿಯಂದು ಇಮ್ಮಡಿ ಉಣ್ಣುವವನಿಗೆ, ಅತಿಯಾಗಿ ಉಣ್ಣುವವನಿಗೂ ಸ್ವಲ್ಪವೂ ಉಣ್ಣದವನಿಗೂ ಯೋಗವಿಲ್ಲವೆಂಬ ಆರನೆಯ ಅಧ್ಯಾಯದ ಎಚ್ಚರಿಕೆ ಸಲ್ಲುತ್ತದೆ. ಮಧುಮೇಹದ ಔಷಧ ಸೇವಿಸುವವರು ಉಪವಾಸದ ಕ್ರಮವನ್ನು ವೈದ್ಯರಲ್ಲಿಯೂ ಗುರುಗಳಲ್ಲಿಯೂ ವಿಚಾರಿಸಿಯೇ ನಿಶ್ಚಯಿಸತಕ್ಕದ್ದು.

ದೇಹವು ಭಗವಂತನು ಸಾಧನೆಗಾಗಿ ಕೊಟ್ಟ ಉಪಕರಣ. ಅದರ ಸುದ್ದಿಯನ್ನು ಕೇಳದಿರುವುದು ವೈರಾಗ್ಯವಲ್ಲ, ಉಪೇಕ್ಷೆ. ಕೇಳಿ, ತಿದ್ದಿಕೊಂಡು, ಉಂಡ ಪ್ರತಿಯೊಂದು ತುತ್ತನ್ನೂ ಅವನಿಗೇ ಅರ್ಪಿಸೋಣ.

ಶ್ರೀಕೃಷ್ಣಾರ್ಪಣಮಸ್ತು.