ಮನೆಯಲ್ಲಿ ಏನಿದೆ? ಕ್ರಿಸ್ಮಸ್ ಬಾಟ್ಲಿಗಳ ಬಗ್ಗೆ ಯೌವನಸ್ಥರಿಗೊಂದು ಸಂದೇಶ

ವಾಕ್ಯಭಾಗ: 2 ಅರಸುಗಳು 4:1-7

ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಹೊಸಕೋಟೆ ಕಡೆ ಗೋಡೌನ್‌ಗಳಲ್ಲಿ ಪ್ಯಾಕಿಂಗ್ ಮಾಡೋರು, ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸ್‌ಗೆ ಹೋಗೋರು, ಮಗ್ಗದ ಮನೆಗಳ ಮಕ್ಕಳು, ಪಿಜಿಯಲ್ಲಿ ಇರೋರು, ಎಲ್ಲರೂ ಇದ್ದೀರಿ. ಕಣ್ಣು ಎಳೀತಾ ಇದ್ರೂ ಪರವಾಗಿಲ್ಲ, ಸ್ವಲ್ಪ ಹೊತ್ತು ಗಮನ ಕೊಡಿ.

ಡಿಸೆಂಬರ್ ಬಂತು. ಆಫೀಸ್‌ನಲ್ಲಿ ಸೀಕ್ರೆಟ್ ಸಾಂಟಾ, ಕಸಿನ್‌ಗಳಿಗೆ ಗಿಫ್ಟು, ಸಭೆಯಲ್ಲಿ ಗೆಳೆಯರಿಗೆ ಗಿಫ್ಟು, ಮನೆಗೆ ಹೊಸ ಬಟ್ಟೆ. ಸಂಬಳ ಮಾತ್ರ ನವೆಂಬರ್‌ನಲ್ಲಿ ಎಷ್ಟಿತ್ತೋ ಅಷ್ಟೇ. ಆಗ ಫೋನು ನಮ್ಮ ಜೊತೆ ಮಾತಾಡೋಕೆ ಶುರು ಮಾಡುತ್ತೆ: ಈಗ ತಗೋ, ಆಮೇಲೆ ಕೊಡು, ಮೂರು ಕಂತು, ಬಡ್ಡಿ ಇಲ್ಲ. ಯೇಸು ಹುಟ್ಟಿದ ಸಂತೋಷಕ್ಕೆ ಮಾಡಿದ ಸಾಲವನ್ನು ಏಪ್ರಿಲ್‌ವರೆಗೆ ತೀರಿಸುತ್ತಾ ಇರೋರು ನಮ್ಮ ಮಧ್ಯದಲ್ಲೇ ಇದ್ದಾರೆ. ಹೌದೋ ಇಲ್ವೋ? ಯಾರೂ ಆಮೆನ್ ಹೇಳ್ತಿಲ್ಲ, ಅಂದ್ರೆ ಹೌದು ಅಂತಾಯ್ತು.

ಈಗ ಓದಿದ ವಾಕ್ಯಕ್ಕೆ ಬನ್ನಿ. ಪ್ರವಾದಿಗಳ ಶಿಷ್ಯನೊಬ್ಬನ ಹೆಂಡತಿ, ಗಂಡ ತೀರಿಹೋಗಿದ್ದಾನೆ. ಅವನು ಯೆಹೋವನಲ್ಲಿ ಭಯಭಕ್ತಿ ಉಳ್ಳವನಾಗಿದ್ದ ಅಂತ ಅವಳೇ ಎಲೀಷನಿಗೆ ಹೇಳ್ತಾಳೆ. ಇದನ್ನ ಗಮನಿಸಿ ಪ್ರಿಯರೇ. ಭಯಭಕ್ತಿ ಇದ್ದ ಮನೆ, ಆದರೆ ಸಾಲವೂ ಇತ್ತು. ಎರಡೂ ಒಂದೇ ಮನೆಯಲ್ಲಿ ಇರಬಹುದು. ಈಗ ಸಾಲ ಕೊಟ್ಟವನು ಬಾಗಿಲಿಗೆ ಬಂದಿದ್ದಾನೆ, ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳಕೊಂಡು ಹೋಗ್ತೀನಿ ಅಂತಿದ್ದಾನೆ. ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲೂ ಜೀತ ಇತ್ತು. 1976ರಲ್ಲಿ ಕಾನೂನೇ ಮಾಡಿ ಅದನ್ನು ರದ್ದು ಮಾಡಬೇಕಾಯ್ತು. ಈ ತಾಯಿಯ ಭಯ ಎಂಥದ್ದು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿದ್ರೆ ಹೇಳ್ತಾರೆ.

ಎಲೀಷ ಅವಳ ಕೈಗೆ ದುಡ್ಡು ಕೊಡಲಿಲ್ಲ. ಮನೆಯಲ್ಲಿ ನಿನ್ನ ಹತ್ತಿರ ಏನಿದೆ ಅಂತ ಕೇಳಿದ. ಅವಳ ಉತ್ತರ ನೋಡಿ, ಮೊದಲು ಏನೂ ಇಲ್ಲ ಅಂತಾಳೆ. ಆಮೇಲೆ ನೆನಪಾಗುತ್ತೆ, ಒಂದು ಪಾತ್ರೆ ಎಣ್ಣೆ ಇದೆ ಅಂತ. ನಾವೂ ಹೀಗೇ ಅಲ್ವಾ? ಕೊಡೋಕೆ ಏನಿದೆ ಅಂದ್ರೆ ಏನೂ ಇಲ್ಲ ಬ್ರದರ್ ಅಂತೀವಿ. ಒಂದು ಸಲ ಅಡುಗೆಮನೆ ಶೆಲ್ಫ್ ತೆಗೀರಿ. ಹಿಂದಿನ ಸಾಲಿನಲ್ಲಿ ಖಾಲಿ ಹಾರ್ಲಿಕ್ಸ್ ಬಾಟ್ಲಿ, ಜಾಮ್ ಬಾಟ್ಲಿ, ಕಾಫಿಪುಡಿ ಬಾಟ್ಲಿ, ಉಪ್ಪಿನಕಾಯಿ ಬಾಟ್ಲಿ. ಯಾವತ್ತಾದರೂ ಬೇಕಾಗುತ್ತೆ ಅಂತ ಅಮ್ಮ ಎತ್ತಿಟ್ಟಿರೋದು. ಆ ದಿನ ಬಂದಿದೆ. ಜೊತೆಗೆ ಹುರಿಗಡಲೆ ಇದೆ, ಒಣಮೆಣಸಿನಕಾಯಿ ಇದೆ, ಬೆಲ್ಲ ಇದೆ, ರಾಗಿ ಅಂತೂ ಇದ್ದೇ ಇದೆ. ಇದು ಏನೂ ಇಲ್ಲದ ಮನೆಯಾ?

ಕೊರಿಂಥದವರಿಗೆ ಬರೆದ ಎರಡನೆಯ ಪತ್ರ 8:12ರಲ್ಲಿ ಪೌಲ ಇದನ್ನೇ ಹೇಳ್ತಾನೆ. ಮನಸ್ಸಿದ್ದರೆ ಇರುವುದಕ್ಕೆ ತಕ್ಕ ಹಾಗೆ ಕೊಟ್ಟದ್ದು ದೇವರಿಗೆ ಸಮರ್ಪಕ, ಇಲ್ಲದ್ದನ್ನು ದೇವರು ಲೆಕ್ಕ ಕೇಳುವುದಿಲ್ಲ. ನಮ್ಮಲ್ಲಿ ಇಲ್ಲದ್ದನ್ನು ಕೇಳೋದು ಫೋನಿನ ಆ್ಯಪ್ ಮಾತ್ರ.

ಈ ವರ್ಷ ನಮ್ಮ ಯೌವನಸ್ಥರ ಕೂಟದಿಂದ ಬಾಟ್ಲಿಗಳಲ್ಲಿ ಮನೆ ತಿಂಡಿ ತುಂಬಿ ಕೊಡೋಣ ಅಂತ ಇದ್ದೀವಿ. ಏನೇನು ಅಂತ ಹೇಳ್ತೀನಿ. ಬೋಧನೆಯಲ್ಲಿ ರೆಸಿಪಿ ಯಾಕೆ ಅಂತ ಹಿರಿಯರು ಬೇಜಾರು ಮಾಡ್ಕೋಬಾರದು. ಚಾರೆಪ್ತದ ವಿಧವೆಯ ಮನೆಯಲ್ಲೂ ಅದ್ಭುತ ನಡೆದದ್ದು ಹಿಟ್ಟಿನ ಮಡಕೆಯಲ್ಲಿ, ಎಣ್ಣೆಯ ಮೊಗೆಯಲ್ಲಿ.

ಮೊದಲನೆಯದು ಅವರೆ. ಡಿಸೆಂಬರ್, ಜನವರಿ ಅಂದ್ರೆ ನಮ್ಮ ಕಡೆ ಅವರೆಕಾಯಿ ಕಾಲ. ಕಾಯಿ ಸುಲಿದು, ಕಾಳನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬೆರಳಲ್ಲಿ ಹಿತುಕಿದರೆ ಸಿಪ್ಪೆ ಬಿಟ್ಟು ಬೇಳೆ ಆಚೆ ಬರುತ್ತೆ. ಅದನ್ನು ಬಟ್ಟೆ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿಸಿ, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಕರಿಬೇವು, ಬೆಳ್ಳುಳ್ಳಿ, ಹುರಿದ ಕಡಲೆಕಾಯಿ ಬೀಜ, ಖಾರದಪುಡಿ, ಉಪ್ಪು ಸೇರಿಸಿದರೆ ಮಿಕ್ಸ್‌ಚರ್ ರೆಡಿ. ಪಸೆ ಇದ್ದರೆ ಎಣ್ಣೆ ಸಿಡಿಯುತ್ತೆ, ಹುಷಾರು. ಒಂದು ಚೀಲ ಕಾಯಿ ಸುಲಿದರೆ ಕೊನೆಗೆ ಸಿಗೋ ಬೇಳೆ ಇಷ್ಟೇ ಇಷ್ಟು. ಅದಕ್ಕೇ ಅಂಗಡಿಯಲ್ಲಿ ಅದಕ್ಕೆ ಅಷ್ಟು ಬೆಲೆ. ಅಲ್ಲಿ ನಾವು ಕೊಡೋ ದುಡ್ಡಿನಲ್ಲಿ ಬಹುಪಾಲು ಯಾರದೋ ಬೆರಳಿನ ಕೆಲಸಕ್ಕೆ. ನಮ್ಮ ಹತ್ತಿರ ದುಡ್ಡು ಕಡಿಮೆ, ಬೆರಳು ಜಾಸ್ತಿ. ನಲವತ್ತು ಜನ ಕೂತರೆ ನಾನೂರು ಬೆರಳು!

ಎರಡನೆಯದು ಹುರಿಗಡಲೆ ಚಟ್ನಿಪುಡಿ. ಒಂದು ಕೆಜಿ ಹುರಿಗಡಲೆಯಲ್ಲಿ 200 ಗ್ರಾಂ ಹಿಡಿಯೋ ಬಾಟ್ಲಿ ಐದಾರು ತುಂಬುತ್ತೆ. ಕೊಬ್ಬರಿ ಹಾಕಿದರೆ ರುಚಿ, ಆದರೆ ದಿನ ಕಳೆದಂತೆ ಕಮಟು ವಾಸನೆ ಬರುತ್ತೆ. ಹಾಗಾಗಿ ಕೊಡೋದಕ್ಕೆ ಮಾಡುವಾಗ ಕೊಬ್ಬರಿ ಬೇಡ. ಮೂರನೆಯದು ರಾಗಿ ಹುರಿಹಿಟ್ಟು. ಅರಳಿಸಿ ಬೀಸಿದ ಹಿಟ್ಟಿಗೆ ಬೆಲ್ಲದ ಪುಡಿ, ಏಲಕ್ಕಿ ಬೆರೆಸಿ ತುಂಬಿದರೆ, ತಗೊಂಡವರು ಬಿಸಿ ಹಾಲು ಹಾಕಿ ಕಲಸಿಕೊಂಡರೆ ಸಾಕು. ಪಿಜಿ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಗಿಫ್ಟ್ ಬೇಡ. ಇನ್ನು ನಮ್ಮ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ, ಜಿಐ ಟ್ಯಾಗ್ ಸಿಕ್ಕಿರೋದು, ಅದು ಸಿಕ್ಕರೆ ಬೇಯಿಸಿ, ಬೀಜ ಸಿಪ್ಪೆ ಸೋಸಿ, ಸಕ್ಕರೆ ಹಾಕಿ ಕಾಯಿಸಿದರೆ ಜಾಮ್. ಹಿಂದುಗಡೆ ಯಾರೋ ವೈನ್ ಅಂತ ಪಿಸುಗುಟ್ಟಿದ್ರು. ತಮ್ಮಾ, ಜಾಮ್ ಅಂದೆ ನಾನು.

ಬಾಟ್ಲಿಗಳನ್ನು ತಣ್ಣೀರಿನಲ್ಲಿ ಇಟ್ಟು ನಿಧಾನವಾಗಿ ಕುದಿಸಿ. ಕುದಿಯೋ ನೀರಿಗೆ ಒಮ್ಮೆಲೇ ಹಾಕಿದರೆ ಗಾಜು ಬಿರುಕು ಬಿಡುತ್ತೆ. ಆಮೇಲೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಒಂದು ಹನಿ ನೀರು ಉಳಿದರೂ ಚಟ್ನಿಪುಡಿ ಬೂಸಲು ಹಿಡಿಯುತ್ತೆ. ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳದ ವಾಸನೆ ಹೋಗದಿದ್ದರೆ ಅದನ್ನು ಬಿಟ್ಟುಬಿಡಿ. ಚೀಟಿ ಅಂಟಿಸಿ: ಏನೇನು ಹಾಕಿದ್ದೀವಿ, ಯಾವತ್ತು ಮಾಡಿದ್ದು, ಕಡಲೆಕಾಯಿ ಇದೆಯಾ ಇಲ್ವಾ. ಶುಗರ್ ಇರೋ ಅಜ್ಜಿಗೆ ಜಾಮ್ ಕೊಡಬೇಡಿ. ಕೊಡುವವರಿಗೆ ಕೊಟ್ಟ ಖುಷಿ ಸಿಗುತ್ತೆ, ಅಜ್ಜಿಗೆ ಆಸ್ಪತ್ರೆ ಸಿಗುತ್ತೆ.

ವಾಕ್ಯಕ್ಕೆ ವಾಪಸ್ ಬರೋಣ. ಎಲೀಷ ಆ ತಾಯಿಯನ್ನು ನೆರೆಯವರ ಮನೆಗಳಿಗೆ ಕಳಿಸ್ತಾನೆ, ಖಾಲಿ ಪಾತ್ರೆ ಕೇಳಿ ತಾ, ಕಡಿಮೆ ತರಬೇಡ ಅಂತ. ಸಾಲಗಾರಳು ಅಂತ ಊರಿಗೆಲ್ಲ ಗೊತ್ತಿರುವ ಹೆಂಗಸು ಒಂದೊಂದೇ ಬಾಗಿಲು ತಟ್ಟಬೇಕು. ಎಷ್ಟು ನಾಚಿಕೆ ಆಗಿರಬೇಕು! ಆದರೆ ಎಣ್ಣೆ ಹರಿದದ್ದು ಆ ಪಾತ್ರೆಗಳಿಗೇ. ಪಾತ್ರೆ ಮುಗಿದಾಗ ಎಣ್ಣೆ ನಿಂತಿತು. ನೆರೆಯವರು ಕೊಟ್ಟಷ್ಟು ಪಾತ್ರೆ, ದೇವರು ತುಂಬಿದಷ್ಟು ಎಣ್ಣೆ.

ನಮ್ಮ ಊರುಗಳಲ್ಲಿ ಒಂದು ರೂಢಿ ಇದೆ. ಪಕ್ಕದ ಮನೆಯಿಂದ ಡಬ್ಬದಲ್ಲಿ ಏನಾದರೂ ಬಂದರೆ ಡಬ್ಬ ಖಾಲಿ ವಾಪಸ್ ಕೊಡಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡ್ತಾರೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೀರುತ್ತಾರೆ. ಮಂಗಳೂರು ಕಡೆ ಕಥೋಲಿಕರು ಕ್ರಿಸ್ಮಸ್‌ಗೆ ಕುಸ್ವಾರ್ ಅಂತ ನೆವ್ರಿ, ಕಿಡಿಯೊ, ರೋಸ್ ಕುಕ್ಕಿ ಎಲ್ಲ ಮನೆಯಲ್ಲೇ ಮಾಡಿ, ಯಾವ ಜಾತಿ ಯಾವ ಧರ್ಮ ಅಂತ ನೋಡದೆ ಅಕ್ಕಪಕ್ಕದವರಿಗೆ ತಟ್ಟೆಯಲ್ಲಿ ಕಳಿಸ್ತಾರೆ. ಎಸ್ತೇರಳ ಪುಸ್ತಕ 9:22ರಲ್ಲಿ ಯೆಹೂದ್ಯರು ಒಬ್ಬರಿಗೊಬ್ಬರು ಊಟ ಕಳಿಸಿ ಬಡವರಿಗೂ ಕೊಟ್ಟರು. ನೆಹೆಮೀಯ 8:10ರಲ್ಲಿ ಏನೂ ಸಿದ್ಧವಿಲ್ಲದವರಿಗೂ ಪಾಲು ಕಳಿಸಿ ಅನ್ನುವ ಅಪ್ಪಣೆ ಇದೆ. ಇದು ನಮ್ಮ ಹಳೇ ದಾರಿ ಪ್ರಿಯರೇ, ಇವತ್ತಿನ ಫ್ಯಾಷನ್ ಅಲ್ಲ.

ಆದರೆ ಇಲ್ಲಿ ಒಂದು ಕಷ್ಟದ ಮಾತಿದೆ. ನಮ್ಮಲ್ಲಿ ಕೆಲವರು ಪಕ್ಕದ ಮನೆಯ ಹಬ್ಬದ ತಿಂಡಿ ಮನಸ್ಸಾಕ್ಷಿಯ ನಿಮಿತ್ತ ತಗೊಳ್ಳಲ್ಲ. 1 ಕೊರಿಂಥ 10ನೇ ಅಧ್ಯಾಯವನ್ನು ಇನ್ನೊಂದು ದಿನ ಪೂರ್ತಿ ಕಲಿಯೋಣ. ಈಗ ಇಷ್ಟೇ ಹೇಳ್ತೀನಿ. ಬೇಡ ಅನ್ನುವಾಗ ಮುಖ ಸಿಂಡರಿಸಬೇಡಿ, ಆಂಟಿಯ ಕೈ ಹಿಡಿದು ಪ್ರೀತಿಯಿಂದ ಹೇಳಿ. ನಾಳೆ ನಿಮ್ಮ ಬಾಟ್ಲಿಯನ್ನು ಅವರು ಬೇಡ ಅಂದರೆ ನೀವೂ ನೊಂದುಕೊಳ್ಳಬೇಡಿ. ಅವರ ಮನೆಯಲ್ಲಿ ಮೊಟ್ಟೆ ತಿನ್ನಲ್ಲ ಅಂದರೆ ಕೇಕ್ ಬಿಟ್ಟು ಚಟ್ನಿಪುಡಿ ಕೊಡಿ. ಬೆಳ್ಳುಳ್ಳಿ ತಿನ್ನಲ್ಲ ಅಂದರೆ ಅದನ್ನೂ ಕೇಳಿ ತಿಳ್ಕೊಂಡು ಮಾಡಿ. ಅವರಿಗೆ ಏನು ಆಗಲ್ಲ ಅಂತ ವಿಚಾರಿಸೋದೇ ಅರ್ಧ ಗಿಫ್ಟು.

ಇನ್ನೊಂದು ವಿಷಯ, ದಯವಿಟ್ಟು ಕೇಳಿಸ್ಕೊಳ್ಳಿ. ಬಾಟ್ಲಿ ಒಳಗೆ ಕರಪತ್ರ ಹಾಕಬೇಡಿ. ಮುಚ್ಚಳಕ್ಕೆ ಸಭೆಯ ಹೆಸರು, ಫೋನ್ ನಂಬರ್ ಬೇಡ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ತಡೆ ಕಾಯ್ದೆಯಲ್ಲಿ ಆಮಿಷ ಅನ್ನೋ ಪದದ ಅರ್ಥದಲ್ಲಿ ಉಡುಗೊರೆಯೂ ಸೇರಿತ್ತು ಅಂತ ನಿಮ್ಮಲ್ಲಿ ಓದಿದವರಿಗೆ ಗೊತ್ತು. ಆದರೆ ನಾನು ಆ ಭಯಕ್ಕೆ ಹೇಳ್ತಿಲ್ಲ. ಕಾಯ್ದೆ ಇರಲಿ ಬಿಡಲಿ, ಗಾಳಕ್ಕೆ ಸಿಕ್ಕಿಸಿದ ಹುಳವನ್ನು ಮೀನಿಗೆ ಕೊಟ್ಟ ಊಟ ಅಂತ ಯಾರೂ ಕರೆಯಲ್ಲ. ಯಾರಾದರೂ ನಿಮ್ಮ ನಂಬಿಕೆಯ ಬಗ್ಗೆ ಕೇಳಿದರೆ ಬಾಯಿ ಇದೆ, ಹೇಳಿ. ಕೇಳದಿದ್ದರೆ ಚಟ್ನಿಪುಡಿ ಚಟ್ನಿಪುಡಿಯಾಗೇ ಇರಲಿ.

ಯಾರಿಗೆ ಕೊಡೋದು? ಲೂಕ 14:12ರಿಂದ 14 ಓದಿ. ವಾಪಸ್ ಕೊಡುವ ಶಕ್ತಿ ಇರುವವರನ್ನೇ ಊಟಕ್ಕೆ ಕರೆಯಬೇಡ ಅಂತ ಯೇಸು ಹೇಳಿದ್ದು ನಮ್ಮ ಗಿಫ್ಟ್ ಲಿಸ್ಟ್‌ಗೆ ದೊಡ್ಡ ಪೆಟ್ಟು. ನಮ್ಮ ಲಿಸ್ಟ್ ತುಂಬಾ ವಾಪಸ್ ಕೊಡೋರೇ. ಈ ಸಲ ಅರ್ಧ ಬಾಟ್ಲಿ ಗೆಳೆಯರಿಗೆ ಇರಲಿ, ಸಂತೋಷ. ಇನ್ನರ್ಧ ನಿಮ್ಮ ಬೀದಿ ಗುಡಿಸೋ ಅಕ್ಕನಿಗೆ, ಅಪಾರ್ಟ್‌ಮೆಂಟ್ ಗೇಟ್‌ನಲ್ಲಿ ರಾತ್ರಿಯಿಡೀ ಕೂರೋ ಸೆಕ್ಯೂರಿಟಿ ಅಣ್ಣನಿಗೆ, ಶೆಡ್‌ಗಳಲ್ಲಿ ಇರೋ ಬಿಹಾರ, ಒಡಿಶಾ ಕಡೆಯ ಹುಡುಗರಿಗೆ. ಅವರಿಗೆ ಖಾರ ಸ್ವಲ್ಪ ಕಡಿಮೆ ಹಾಕಿ. ಕೊಡುವಾಗ ಫೋಟೋ ತೆಗೆಯಬೇಡಿ. ನಮ್ಮ ಸ್ಟೇಟಸ್‌ಗೆ ಅವರ ಮುಖ ಬೇಡ.

ಏಳನೇ ವಚನ ಒಂದು ನೋಡಿ ಮುಗಿಸ್ತೀನಿ. ಮನೆ ತುಂಬಾ ಎಣ್ಣೆ ಇದೆ, ಈಗ ಏನು ಮಾಡಲಿ ಅಂತ ಅವಳು ಕೇಳಿದಾಗ ಎಲೀಷ ಹೇಳಿದ ಕ್ರಮ ಇದು: ಎಣ್ಣೆ ಮಾರು, ಮೊದಲು ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಜೀವನ ಮಾಡಿ. ಅದ್ಭುತದ ಎಣ್ಣೆಯನ್ನೂ ದೇವರು ಮೊದಲು ಸಾಲದ ಲೆಕ್ಕಕ್ಕೆ ಹಚ್ಚಿದರು. ಹಾಗಾಗಿ ಈ ತಿಂಗಳು ಗಿಫ್ಟ್‌ಗೆ ಅಂತ ಇಟ್ಟ ದುಡ್ಡು ಉಳಿದರೆ ಅದು ಇನ್ನೊಂದು ಗಿಫ್ಟ್‌ಗೆ ಹೋಗೋದು ಬೇಡ, ಕಾರ್ಡ್ ಬಿಲ್‌ಗೆ ಹೋಗಲಿ. ಬಿಲ್ ಎಷ್ಟಿದೆ ಅಂತ ಮನೆಯಲ್ಲಿ ಹೇಳೋಕೆ ಭಯ ಇರುವವರು ಕೂಟ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ. ಬೈಯಲ್ಲ. ಒಟ್ಟಿಗೆ ಕೂತು ಪೇಪರ್ ಮೇಲೆ ಬರೆಯೋಣ, ಆ ತಾಯಿ ಪ್ರವಾದಿಯ ಹತ್ತಿರ ಬಂದು ಹೇಳಿದ ಹಾಗೆ ಹೇಳಿಬಿಡಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಭೆಯ ಹಿಂದಿನ ಅಂಗಳ. ಕಾಳು ಶುಕ್ರವಾರ ರಾತ್ರಿಯೇ ನೆನೆಸಿರ್ತೀವಿ. ತೊಳೆದ ಬಾಟ್ಲಿ, ಮುಚ್ಚಳ ಸಮೇತ, ಎಷ್ಟು ಸಿಗುತ್ತೋ ಅಷ್ಟು ತನ್ನಿ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳಿ ತನ್ನಿ. ಅವರ ಬಾಟ್ಲಿ ಖಾಲಿ ವಾಪಸ್ ಹೋಗಬಾರದು, ಅಷ್ಟು ನೆನಪಿರಲಿ. ಈಗ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.